ಕಾಡುಕಿಚ್ಚಿನ ಹೊಗೆಯೂ ಉಪಗ್ರಹದ ಚಿತ್ರವೂ

ಮಾಗಿಯ ಚಳಿ ತಗ್ಗಿ ಶಿವರಾತ್ರಿಯು ಸಮೀಪಿಸುವ ಹೊತ್ತಿಗೆ ನಮ್ಮ ಸೀಮೆಯ ಕಾಡುಗುಡ್ಡಗಳಿಗೂ, ಹುಲ್ಲುಗಾವಲುಗಳಿಗೂ, ನೀರು ಬತ್ತಿದ ಕೆರೆಯಂಗಳಗಳಿಗೂ ಬೆಂಕಿ ಬೀಳುವುದು ವಾಚಕರಿಗೆ ಹೊಸ ಸಂಗತಿಯೇನೂ ಅಲ್ಲ. ಬೆಂಕಿಯಿಂದಾಗುವ ನಷ್ಟವು ಬೆಂಕಿ ಬಿದ್ದ ಸ್ಥಳದಲ್ಲಿಯೇ ಕಣ್ಣಿಗೆ ಕಾಣುತ್ತದೆ. ಸುಟ್ಟ ಮೆದೆಗೆ ಒಡೆಯನಿದ್ದಾನೆ, ಸುಟ್ಟ ಕಾಡಿಗೆ ಇಲಾಖೆಯಿದೆ. ಹೊಗೆಗಾದರೋ ಬಾಂದುಕಲ್ಲಿಲ್ಲ. ಅದು ಗಾಳಿ ಬೀಸಿದ ಕಡೆಗೆ ತಾಲ್ಲೂಕನ್ನೂ ಜಿಲ್ಲೆಯನ್ನೂ ದಾಟಿ ಹೋಗುತ್ತದೆ. ಬೆಂಗಳೂರು ದಂಡಿನ ಭಾಗದಲ್ಲಿ, ಎಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರ ಮುಂತಾದ ಕಡೆಗಳಲ್ಲಿ, ಬೇಸಗೆಯ ಬೆಳಗಿನ ಹೊತ್ತು ಸುಟ್ಟ ವಾಸನೆಯು ಮೂಗಿಗೆ ಹತ್ತಿದರೆ, ಇದು ಎಲ್ಲಿಂದ ಬಂದಿತೆಂದು ಜನರು ಕೇಳುವುದು ಸಹಜವೇ. ಅದಕ್ಕೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: ಆಚೆಯ ಹಳ್ಳಿಗಳವರು ಹೊಲ ಸುಡುತ್ತಿದ್ದಾರೆ. ಈ ಉತ್ತರವು ನಿಜವೋ ಸುಳ್ಳೋ ಎಂಬುದನ್ನು ಪರೀಕ್ಷಿಸುವುದಕ್ಕೆ ಈಗ ಸಾಧನಗಳಿವೆ. ಆ ಸಾಧನಗಳು ಏನನ್ನು ತೋರಿಸಬಲ್ಲವು, ಏನನ್ನು ತೋರಿಸಲಾರವು, ಅವನ್ನು ಯಾರ ಕೈಗೆ ಯಾವ ಉದ್ದೇಶದಿಂದ ಕೊಡತಕ್ಕದ್ದು ಎಂಬ ವಿಚಾರವಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸುತ್ತೇವೆ.

ಆಕಾಶದಲ್ಲಿ ನಿಂತು ಭೂಮಿಯನ್ನು ನೋಡುವ ಉಪಗ್ರಹಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯವು ಮುವ್ವತ್ತಾರು ಸಾವಿರ ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆಯೇ ತಿರುಗುತ್ತ, ನೋಡುವವರಿಗೆ ಒಂದೇ ಕಡೆ ನಿಂತಂತೆ ಇರುತ್ತವೆ. ನಮ್ಮ ದೇಶದ ಇನ್ಸಾಟ್-೩ಡಿಆರ್ (೨೦೧೬) ಮತ್ತು ಇನ್ಸಾಟ್-೩ಡಿಎಸ್ (೨೦೨೪) ಎಂಬುವು ಈ ಜಾತಿಗೆ ಸೇರಿದವು; ಇವು ಅರ್ಧ ಗಂಟೆಗೊಂದರಂತೆ ಚಿತ್ರ ತೆಗೆಯಬಲ್ಲವು. ಎರಡನೆಯವು ಏಳೆಂಟು ನೂರು ಕಿಲೋಮೀಟರು ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, ಒಂದು ಊರಿನ ಮೇಲೆ ಹಗಲೊಮ್ಮೆ ರಾತ್ರಿಯೊಮ್ಮೆ ಹಾದುಹೋಗುತ್ತವೆ. ದೂರದಲ್ಲಿರುವುದು ಪದೇ ಪದೇ ನೋಡುತ್ತದೆ, ಮಸುಕಾಗಿ ನೋಡುತ್ತದೆ. ಹತ್ತಿರದಲ್ಲಿರುವುದು ಸ್ಪಷ್ಟವಾಗಿ ನೋಡುತ್ತದೆ, ಆದರೆ ಬೇಗನೆ ಹೊರಟುಹೋಗುತ್ತದೆ. ಇಂತಹ ಯಂತ್ರಗಳನ್ನು ಕಟ್ಟುವ ಯು. ಆರ್. ರಾವ್ ಉಪಗ್ರಹ ಕೇಂದ್ರವು ಇಂದಿರಾನಗರಕ್ಕೆ ಅನತಿದೂರದ ವಿಮಾನಪುರದಲ್ಲಿಯೇ ಇದೆ. ನಮ್ಮ ಮೊದಲನೆಯ ಉಪಗ್ರಹವಾದ ಆರ್ಯಭಟವು ೧೯೭೫ರಲ್ಲಿ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾಗಿ ಹೊರಟಿತು. ಆದ್ದರಿಂದ ಈ ವಿದ್ಯೆಯು ಪರಸ್ಥಳದಿಂದ ಬಂದ ವಿಚಿತ್ರವೆಂದು ಬೆಂಗಳೂರಿನವರು ದೂರ ನಿಲ್ಲಬೇಕಾದ ಕಾರಣವಿಲ್ಲ.

ಉರಿಯನ್ನು ಕಾಣುವುದು ಬೇರೆ, ಹೊಗೆಯನ್ನು ಕಾಣುವುದು ಬೇರೆ. ಉರಿಯುವ ಪದಾರ್ಥವು ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹೊರಡಿಸುತ್ತದೆ. ಸುಮಾರು ನಾಲ್ಕು ಮೈಕ್ರಾನ್ ತರಂಗದ ಕಿರಣಗಳಲ್ಲಿ ನೋಡಿದರೆ, ಸುತ್ತಲಿನ ನೆಲಕ್ಕಿಂತ ಉರಿಯು ಬಹಳ ಪ್ರಕಾಶಮಾನವಾಗಿ ತೋರುತ್ತದೆ. ಗಣಕವು ಅಂತಹ ಸ್ಥಳದ ಮೇಲೆ ಕೆಂಪು ಚುಕ್ಕೆಯನ್ನಿಡುತ್ತದೆ. ಹೊಗೆಯನ್ನಾದರೋ ಸೂರ್ಯನ ಬೆಳಕಿನಿಂದ ಗುರುತಿಸಬೇಕು. ಹೊಗೆಯ ಕಣಗಳು ಬೆಳಕನ್ನು ಚದರಿಸುತ್ತವೆ, ಅತಿನೇರಳೆ ಕಿರಣಗಳನ್ನು ಹೀರುತ್ತವೆ. ಹೀಗೆ ಮಾರ್ಪಟ್ಟ ಬೆಳಕನ್ನು ಅಳೆದು, ಮೋಡವಾವುದು ಹೊಗೆಯಾವುದು ಎಂಬುದನ್ನು ಬೇರ್ಪಡಿಸುತ್ತಾರೆ. ೨೦೧೭ರಲ್ಲಿ ಯೂರೋಪಿನವರು ಹಾರಿಸಿದ ಸೆಂಟಿನಲ್-೫ಪಿ ಎಂಬ ಉಪಗ್ರಹವು ಹೊಗೆಯೊಡನೆ ಹೋಗುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನೂ ದಿನಕ್ಕೊಮ್ಮೆ ಅಳೆಯುತ್ತದೆ. ಈ ಅನಿಲವು ವಾರಗಟ್ಟಲೆ ಕೆಡದೆ ಉಳಿಯುವುದರಿಂದ, ಹೊಗೆಯು ಕಣ್ಣಿಗೆ ಕಾಣದಷ್ಟು ತೆಳುವಾದ ಮೇಲೆಯೂ ಅದರ ಜಾಡು ಸಿಕ್ಕುತ್ತದೆ. ೨೦೨೩ನೆಯ ಜೂನ್ ತಿಂಗಳಲ್ಲಿ ಕೆನಡಾ ದೇಶದ ಕಾಡುಗಳ ಹೊಗೆಯು ನ್ಯೂಯಾರ್ಕ್ ನಗರವನ್ನು ಕಿತ್ತಳೆಯ ಬಣ್ಣಕ್ಕೆ ತಿರುಗಿಸಿ, ಅನಂತರ ಅಟ್ಲಾಂಟಿಕ್ ಸಾಗರವನ್ನು ದಾಟಿ ಯೂರೋಪಿಗೆ ಮುಟ್ಟಿದುದನ್ನು ಇಂತಹ ಚಿತ್ರಗಳಲ್ಲಿ ದಿನದಿನವೂ ಹಿಂಬಾಲಿಸಿ ನೋಡಿದರು.

ಇಷ್ಟು ಸಾಮರ್ಥ್ಯವಿರುವ ಸಾಧನವು ನಮ್ಮ ಹೋಬಳಿಯ ಹೊಲದಲ್ಲಿ ಯಾರು ಕಡ್ಡಿ ಗೀರಿದರೆಂಬುದನ್ನೂ ಹೇಳಿಬಿಡುವುದೆಂದು ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆಯು ಎಷ್ಟುಮಟ್ಟಿಗೆ ಸರಿ ಎಂಬುದನ್ನು ಎಕರೆಯ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ವಿಐಐಆರ್‌ಎಸ್ ಎಂಬ ಯಂತ್ರದ ಒಂದು ಚುಕ್ಕೆಯು ನೆಲದ ಮೇಲೆ ೩೭೫ ಮೀಟರು ಉದ್ದ, ಅಷ್ಟೇ ಅಗಲದ ಚೌಕ. ಎಂದರೆ ಸುಮಾರು ೩೫ ಎಕರೆ. ಅದಕ್ಕಿಂತ ಹಿಂದಿನಿಂದ ಬಂದ ಮೋಡಿಸ್ ಎಂಬ ಯಂತ್ರದ ಚುಕ್ಕೆಯು ಒಂದು ಚದರ ಕಿಲೋಮೀಟರು, ಎಂದರೆ ೨೪೭ ಎಕರೆ. ಇನ್ಸಾಟಿನ ಶಾಖಚಿತ್ರದಲ್ಲಿ ಒಂದು ಚೌಕವು ನಾಲ್ಕು ಕಿಲೋಮೀಟರು ಅಗಲವಾದದ್ದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯೂ ಹಲಸೂರಿನ ಕೆರೆಯೂ ನಡುವಣ ಬೀದಿಗಳೂ ಅಂತಹ ಒಂದೇ ಚೌಕದೊಳಗೆ ಅಡಗಬಹುದು. ಕೃಷ್ಣರಾಜಪುರ, ಬಿದರಹಳ್ಳಿ, ವರ್ತೂರು ಹೋಬಳಿಗಳಲ್ಲಿ ಉಳಿದಿರುವ ಸಾಗುವಳಿದಾರರು ಬಹುಪಾಲು ಒಂದೆರಡು ಎಕರೆಯವರು. ೩೫ ಎಕರೆಯ ಚೌಕದಲ್ಲಿ ಇಂತಹ ಹತ್ತಾರು ಹಿಡುವಳಿಗಳು, ಒಂದು ಖಾಲಿ ಲೇಔಟು, ಕೆರೆಯ ಮೂಲೆ, ರಸ್ತೆಯ ಪಕ್ಕದ ಕಸದ ರಾಶಿ, ಎಲ್ಲವೂ ಸೇರಿರುವುದು ಸಾಧ್ಯ. ಉರಿಯು ತೀವ್ರವಾಗಿದ್ದರೆ ಒಂದು ಎಕರೆಗೂ ಕಡಮೆಯಾದದ್ದು ಚುಕ್ಕೆಯಾಗಿ ಮೂಡುತ್ತದೆ. ಆದರೆ ಚೌಕದೊಳಗೆ ಅದು ಎಲ್ಲಿತ್ತೆಂಬುದನ್ನು ಚುಕ್ಕೆಯು ಹೇಳುವುದಿಲ್ಲ. ಇಟ್ಟಿಗೆಯ ಗೂಡು, ಕಾರ್ಖಾನೆಯ ಕುಲುಮೆ ಮುಂತಾದವು ಸಹ ಕೆಲವು ವೇಳೆ ಚುಕ್ಕೆಗಳಾಗಿ ತೋರಬಹುದು. ಮಾಲೂರಿನ ಕಡೆಯ ಇಟ್ಟಿಗೆ ಹೆಂಚುಗಳ ಗೂಡುಗಳನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದ್ದಿಲ್ಲ.

ಹತ್ತು ಮೀಟರಿನಷ್ಟು ಸೂಕ್ಷ್ಮವಾಗಿ ನೋಡುವ ಸೆಂಟಿನಲ್-೨ ಎಂಬ ಉಪಗ್ರಹಗಳೂ ಇವೆ. ಅವುಗಳ ಚಿತ್ರದಲ್ಲಿ ಸುಟ್ಟ ಹೊಲದ ಕಪ್ಪು ಅಂಚು ಸಹ ಕಾಣುತ್ತದೆ. ಅವು ಹಾಯುವುದು ಐದು ದಿನಕ್ಕೊಮ್ಮೆ. ಸುಟ್ಟ ವಿಸ್ತೀರ್ಣವನ್ನು ಆಮೇಲೆ ಅಳೆಯುವುದಕ್ಕೆ ಅವು ಬಹು ಪ್ರಯೋಜನಕರ. ಬಂಡೀಪುರದಲ್ಲಿ ೨೦೧೯ನೆಯ ಫೆಬ್ರವರಿಯಲ್ಲಿ ದೊಡ್ಡ ಕಿಚ್ಚು ಬಿದ್ದು ನಾಲ್ಕೈದು ದಿನ ಉರಿದಾಗ, ಸುಮಾರು ೧೦,೯೨೦ ಎಕರೆ ಸುಟ್ಟಿತೆಂದು ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಉಪಗ್ರಹಚಿತ್ರಗಳಿಂದಲೇ ಅಂದಾಜು ಮಾಡಿದರು. ಆ ಉರಿಯನ್ನು ಆರಿಸುವುದಕ್ಕೆ ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಹೊತ್ತು ಹಾರಬೇಕಾಯಿತು.

ಬಂಡೀಪುರದ ಮಾತು ಬಂದುದರಿಂದ ಗಾಳಿಯ ವಿಷಯವನ್ನು ಹೇಳಬೇಕು. ಅಲ್ಲಿ ಕಾಡು ಉರಿಯುವಾಗ ಬೆಂಗಳೂರಿನಲ್ಲಿ ಮಬ್ಬು ಕವಿದರೆ, ಅದು ಬಂಡೀಪುರದ ಹೊಗೆಯೇ ಎಂದು ಹೇಳುವವರಿದ್ದಾರೆ. ಬಂಡೀಪುರವು ನಮಗೆ ನೈರುತ್ಯದಲ್ಲಿದೆ. ನವಂಬರಿನಿಂದ ಫೆಬ್ರವರಿಯವರೆಗೆ ಬೆಂಗಳೂರಿನ ಮೇಲೆ ಬೀಸುವ ಗಾಳಿಯು ಸಾಮಾನ್ಯವಾಗಿ ಮೂಡಣದ್ದು, ಇಲ್ಲವೆ ಈಶಾನ್ಯದ್ದು. ಆ ಗಾಳಿಯು ಬಂಡೀಪುರದ ಹೊಗೆಯನ್ನು ವಯನಾಡಿನ ಕಡೆಗೆ ಒಯ್ಯತಕ್ಕದ್ದೇ ಹೊರತು ಹಲಸೂರಿಗೆ ತರತಕ್ಕದ್ದಲ್ಲ. ಆ ತಿಂಗಳುಗಳಲ್ಲಿ ನಗರದ ಮೂಡಣ ಭಾಗಕ್ಕೆ ದೂರದ ಹೊಗೆಯೇನಾದರೂ ಬಂದರೆ ಅದು ಹೊಸಕೋಟೆ, ಕೋಲಾರ, ಅದಕ್ಕೂ ಆಚೆಯ ಪೂರ್ವಘಟ್ಟಗಳ ಒಣ ಕಾಡುಗಳ ದಿಕ್ಕಿನಿಂದ ಬರಬೇಕು. ಮಾರ್ಚಿ ಕಳೆದ ಮೇಲೆ ಗಾಳಿಯು ದಿಕ್ಕು ತಪ್ಪಿ ತಿರುಗಾಡಲು ಮೊದಲಾಗುತ್ತದೆ. ಮುಂಗಾರಿನಲ್ಲಿ ಪಡುವಣದಿಂದ ನೆಲೆಯಾಗಿ ಬೀಸುತ್ತದೆ, ಆಗ ಕಾಡುಗಳು ಒದ್ದೆಯಾಗಿರುತ್ತವೆ. ವಾತಾವರಣದ ಲೆಕ್ಕಗಳಿಂದ ಗಾಳಿಯ ಜಾಡನ್ನು ಹಿಂದಕ್ಕೆ ಹಿಡಿದು, ಇಂದು ಬೆಳಿಗ್ಗೆ ಇಂದಿರಾನಗರದ ಮೇಲಿರುವ ಗಾಳಿಯು ನಿನ್ನೆ ಎಲ್ಲಿತ್ತು, ಮೊನ್ನೆ ಎಲ್ಲಿತ್ತು ಎಂಬುದನ್ನು ಕಂಡುಹಿಡಿಯುವ ಕ್ರಮವುಂಟು. ಅದನ್ನು ಚಿತ್ರದ ಚುಕ್ಕೆಗಳೊಡನೆ ಇಟ್ಟು ನೋಡದೆ, ಬರಿಯ ಚಿತ್ರವೊಂದನ್ನು ನೋಡಿ ಊರಿನ ಮೇಲೆ ದೂರು ಹೊರಿಸುವುದು ಸಾಕ್ಷಿಯಿಲ್ಲದೆ ತೀರ್ಪು ಕೊಟ್ಟಂತೆಯೇ ಸರಿ.

ಹೊತ್ತಿನ ವಿಚಾರವು ಇದಕ್ಕಿಂತ ಮುಖ್ಯವಾದದ್ದು. ಹತ್ತಿರದ ಉಪಗ್ರಹಗಳಲ್ಲಿ ಉರಿಯನ್ನು ಚೆನ್ನಾಗಿ ಕಾಣುವುವು ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ, ಅಂತೆಯೇ ಮಧ್ಯರಾತ್ರಿ ಕಳೆದು ಒಂದೂವರೆ ಗಂಟೆಗೆ ಹಾಯುತ್ತವೆ. ಮಾಗಿಯ ರಾತ್ರಿಗಳಲ್ಲಿ ನೆಲವು ಬೇಗ ತಣ್ಣಗಾಗಿ, ಅದಕ್ಕೆ ತಾಕಿದ ಗಾಳಿಯು ತಂಪಾಗಿ ಕೆಳಗೇ ನಿಲ್ಲುತ್ತದೆ. ಮೇಲಿನ ಗಾಳಿಯು ಬೆಚ್ಚಗಿದ್ದು ಮುಚ್ಚಳದಂತೆ ಕುಳಿತಿರುತ್ತದೆ. ಆ ಮುಚ್ಚಳದ ಕೆಳಗೆ, ಬೆಳಗಿನ ಜಾವ ಸುಟ್ಟ ಒಂದು ತರಗಿನ ಗುಡ್ಡೆಯ ಹೊಗೆಯೂ ಬೀದಿಯುದ್ದಕ್ಕೂ ಹರಡಿ ಎಂಟು ಗಂಟೆಯವರೆಗೆ ಅಲ್ಲಿಯೇ ಇರುತ್ತದೆ. ಬಿಸಿಲೇರಿದ ಮೇಲೆ ಮುಚ್ಚಳವು ಒಡೆದು ಹೊಗೆಯು ಮೇಲಕ್ಕೇರಿ ಚದರಿಹೋಗುತ್ತದೆ. ಮಧ್ಯಾಹ್ನದ ಚಿತ್ರದಲ್ಲಿ ಇದರ ಸುಳಿವೇ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಚಿತ್ರದಲ್ಲಿ ದಟ್ಟವಾಗಿ ಕಾಣುವ ಹೊಗೆಯು ನೆಲದಿಂದ ಎರಡು ಕಿಲೋಮೀಟರು ಮೇಲೆ ಹಾದುಹೋಗುತ್ತಿದ್ದು, ಕೆಳಗಿನವರ ಮೂಗಿಗೆ ಸೋಂಕದೆ ಇರಬಹುದು. ಉಪಗ್ರಹವು ನೆಲದಿಂದ ಆಕಾಶದವರೆಗಿನ ಹೊಗೆಯನ್ನೆಲ್ಲ ಒಟ್ಟಾಗಿ ಅಳೆಯುತ್ತದೆ. ಮನುಷ್ಯನು ಉಸಿರಾಡುವುದು ನೆಲಕ್ಕೆ ಹತ್ತಿದ ಗಾಳಿಯನ್ನು. ಕಾಡುಬೀಸನಹಳ್ಳಿಯಲ್ಲಿರುವಂತಹ ಗಾಳಿಯ ಪರೀಕ್ಷಾ ಕೇಂದ್ರಗಳು ಈ ಕಾರಣದಿಂದಲೇ ಅವಶ್ಯಕ, ಮತ್ತು ನಗರದ ಮೂಡಣ ಅಂಚಿನಲ್ಲಿ ಅವು ಈಗಿರುವುದಕ್ಕಿಂತ ಹೆಚ್ಚಾಗಬೇಕೆಂಬುದು ನಮ್ಮ ಮತ.

ದಂಡಿನ ಹಳೆಯ ಬೀದಿಗಳ ಮರಗಳಿಂದ ಉದುರುವ ತರಗೆಲೆಯನ್ನು ಗುಡಿಸಿ ಮೂಲೆಗೊತ್ತಿ ಬೆಂಕಿ ಹಚ್ಚುವ ಚಾಳಿಯು ನಿಷೇಧಗಳಿದ್ದರೂ ನಿಂತಿಲ್ಲ. ಈ ಉರಿಗಳು ಯಾವ ಉಪಗ್ರಹಕ್ಕೂ ಕಾಣುವಷ್ಟು ದೊಡ್ಡವಲ್ಲ. ಆದ್ದರಿಂದ ಚಿತ್ರದಲ್ಲಿ ನಗರವು ನಿರ್ದೋಷಿಯಂತೆಯೂ ಹಳ್ಳಿಯು ಕೆಂಪು ಚುಕ್ಕೆ ಹೊತ್ತುದಾಗಿಯೂ ತೋರುವುದು. ನಗರದ ಹೊಗೆಯು ಒಮ್ಮೆಯಾದರೂ ಎಲ್ಲರಿಗೂ ಕಾಣುವಂತೆ ಎದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಒಂಬೈನೂರು ಎಕರೆಯಷ್ಟಿರುವ ಆ ಕೆರೆಯ ನೊರೆಗೆ ೨೦೧೫ರಲ್ಲಿ ಬೆಂಕಿ ಹತ್ತಿತು. ೨೦೧೭ನೆಯ ಫೆಬ್ರವರಿ ೧೬ರಂದು ಕೆರೆಯಂಗಳದ ಒಣಹುಲ್ಲು ಕಸಗಳು ಉರಿದವು. ೨೦೧೮ನೆಯ ಜನವರಿ ೧೯ರಂದು ಮತ್ತೆ ಬಿದ್ದ ಬೆಂಕಿಯನ್ನು ಆರಿಸುವುದಕ್ಕೆ ಸುಮಾರು ೫,೦೦೦ ಮಂದಿ ಸೈನಿಕರು ದುಡಿಯಬೇಕಾಯಿತು. ಅಲ್ಲಿ ಉರಿದದ್ದು ಯಾವ ರೈತನ ಕೂಳೆಯೂ ಅಲ್ಲ. ಹಲಸೂರು, ದೊಮ್ಮಲೂರು, ಇಂದಿರಾನಗರಗಳ ಕೊಳೆನೀರು ಚಲ್ಲಘಟ್ಟದ ಕಣಿವೆಯಲ್ಲಿ ಹರಿದು ಬಂದು ಬೆಳೆಸಿದ ಹುಲ್ಲು. ಅದೇ ಕಣಿವೆಯ ನೀರನ್ನು ಶುದ್ಧಿಮಾಡಿ ೨೦೧೮ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನಗರದ ಕಸವು ಬಿದರಹಳ್ಳಿ ಹೋಬಳಿಯ ಮಂಡೂರಿಗೆ ವರ್ಷಗಟ್ಟಲೆ ಹೋಗಿ, ಗ್ರಾಮಸ್ಥರ ಪ್ರತಿಭಟನೆಯಿಂದ ೨೦೧೪ರ ಕೊನೆಯಲ್ಲಿ ನಿಂತಿತು. ಹೀಗೆ ನೀರನ್ನೂ ಕಸವನ್ನೂ ಮೂಡಣಕ್ಕೆ ಕಳುಹಿಸಿದವರು, ಮೂಡಣದಿಂದ ಬರುವ ಗಾಳಿಯ ವಿಷಯದಲ್ಲಿ ಮಾತ್ರ ಹಳ್ಳಿಯವರನ್ನು ಲೆಕ್ಕ ಕೇಳುವುದು ಅಷ್ಟೊಂದು ಶೋಭಿಸುವುದಿಲ್ಲ. ೧೯೪೯ರವರೆಗೆ ದಂಡಿಗೂ ಪೇಟೆಗೂ ಬೇರೆ ಬೇರೆ ಮುನಿಸಿಪಾಲಿಟಿಗಳಿದ್ದವು. ಆಗಲೂ ಹೊಗೆಗೆ ಆ ಗಡಿಯು ಗೊತ್ತಿರಲಿಲ್ಲ.

ಉಪಗ್ರಹದ ಚಿತ್ರವನ್ನು ದಂಡನೆಯ ಸಾಧನವಾಗಿ ಉಪಯೋಗಿಸಿದರೆ ಏನಾಗುವುದೆಂಬುದಕ್ಕೆ ಉತ್ತರದೇಶದ ನಿದರ್ಶನವಿದೆ. ಪಂಜಾಬು, ಹರಿಯಾಣಗಳಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಕೆಲವೇ ವಾರಗಳ ಅವಕಾಶವಿರುವುದರಿಂದ ರೈತರು ಕೂಳೆಯನ್ನು ಸುಡುತ್ತಾರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಆ ಉರಿಗಳನ್ನು ಉಪಗ್ರಹಗಳಿಂದ ದಿನದಿನವೂ ಎಣಿಸುತ್ತಾರೆ. ೨೦೨೪ನೆಯ ನವಂಬರಿನಲ್ಲಿ ದಂಡವನ್ನು ಇಮ್ಮಡಿಗೊಳಿಸಿ, ಎರಡೆಕರೆಗಿಂತ ಕಡಮೆಯವರಿಗೆ ೫,೦೦೦ ರೂಪಾಯಿ, ಐದೆಕರೆಯವರೆಗೆ ೧೦,೦೦೦, ಅದಕ್ಕೆ ಮೇಲ್ಪಟ್ಟವರಿಗೆ ೩೦,೦೦೦ ಎಂದು ಗೊತ್ತುಮಾಡಿದರು. ಪಂಜಾಬಿನಲ್ಲಿ ಜಮೀನಿನ ದಾಖಲೆಯಲ್ಲಿ ಕೆಂಪು ನಮೂದು ಬರೆಯುವ ಕ್ರಮವೂ ಬಂದಿತು. ಅದೇ ವರ್ಷ ನಾಸಾ ಸಂಸ್ಥೆಯ ಸಂಶೋಧಕರೊಬ್ಬರು ದಕ್ಷಿಣ ಕೊರಿಯಾದ ಸ್ಥಿರ ಉಪಗ್ರಹದ ಚಿತ್ರಗಳನ್ನು ನೋಡಿ, ಮಧ್ಯಾಹ್ನದ ಉಪಗ್ರಹಗಳು ಹಾದುಹೋದ ಮೇಲೆ ಹೊಗೆಯು ಹೆಚ್ಚುತ್ತಿರುವುದನ್ನು ಎತ್ತಿ ತೋರಿಸಿದರು. ತಳವಾರನು ಬರುವ ಹೊತ್ತನ್ನು ತಿಳಿದವರು ಅವನು ಹೋದ ಮೇಲೆ ಕೆಲಸಕ್ಕೆ ತೊಡಗುವುದು ಲೋಕದಲ್ಲಿ ಹಳೆಯ ಮಾತು. ಹೀಗಾದಾಗ ಚುಕ್ಕೆಗಳ ಎಣಿಕೆ ಇಳಿಯುತ್ತದೆ. ಹೊಗೆಯು ಅಷ್ಟೇ ಇಳಿಯಿತೆಂದು ನಂಬುವ ಹಾಗಿಲ್ಲ. ಎಣಿಕೆಯೇ ಕೆಟ್ಟುಹೋದರೆ ವಿಜ್ಞಾನಕ್ಕೂ ಆಡಳಿತಕ್ಕೂ ಒಟ್ಟಿಗೆ ನಷ್ಟ.

ನಮ್ಮ ಸೀಮೆಯ ಸ್ಥಿತಿಯು ಪಂಜಾಬಿನಂತಹದಲ್ಲ. ಬೆಂಗಳೂರು, ಕೋಲಾರ ಜಿಲ್ಲೆಗಳ ರೈತನು ರಾಗಿಯ ಹುಲ್ಲನ್ನು ಸುಡುವವನಲ್ಲ. ಅದು ಅವನ ದನಗಳ ವರ್ಷದ ಮೇವು, ಮೆದೆಗೆ ಕಿಡಿ ಬಿದ್ದರೆ ಅವನ ಎದೆಗೇ ಬಿದ್ದಂತೆ. ಅವನು ಸುಡುವುದೇನಿದ್ದರೂ ಬದುವಿನ ಹುಲ್ಲು, ಬೇಲಿಯ ಮುಳ್ಳು, ಮಾವಿನ ತೋಪಿನ ತರಗು, ನೀಲಗಿರಿ ಕಡಿದ ಮೇಲಿನ ಸೊಪ್ಪುಸದೆ. ಹೀಗೆ ಹಚ್ಚಿದ ಬೆಂಕಿಯು ಗಾಳಿಗೆ ಸಿಕ್ಕಿ ಗುಡ್ಡಕ್ಕೋ ನೆರೆಯವನ ಮೆದೆಗೋ ನುಗ್ಗುವುದೇ ನಿಜವಾದ ಅಪಾಯ. ಒಣಹುಲ್ಲಿನ ಬೆಂಕಿಯ ವೇಗವನ್ನು ಅರಿಯದವರು ೨೦೧೯ನೆಯ ಫೆಬ್ರವರಿ ೨೩ರಂದು ಯಲಹಂಕದ ವಿಮಾನ ಪ್ರದರ್ಶನದ ಬಯಲನ್ನು ನೆನೆಯಬಹುದು. ಅಲ್ಲಿ ನಿಲ್ಲಿಸಿದ್ದ ಸುಮಾರು ಮುನ್ನೂರು ಕಾರುಗಳು ಅಲ್ಪಕಾಲದಲ್ಲಿ ಭಸ್ಮವಾದವು.

ಆದಕಾರಣ ನಾವು ಸೂಚಿಸುವುದು ಇದು. ಭಾರತೀಯ ಅರಣ್ಯ ಸಮೀಕ್ಷೆಯವರು ೨೦೦೪ರಿಂದ ಉಪಗ್ರಹಗಳು ಕಂಡ ಉರಿಯ ಎಚ್ಚರಿಕೆಗಳನ್ನು ಕಳುಹಿಸುತ್ತಿದ್ದಾರೆ. ಅವು ಅರಣ್ಯಕ್ಕೆ ಸಂಬಂಧಿಸಿದವು, ಮತ್ತು ಮುಖ್ಯವಾಗಿ ಅರಣ್ಯಾಧಿಕಾರಿಗಳ ಕೈಗೆ ತಲಪತಕ್ಕವು. ಗೋಮಾಳ, ಕೆರೆಯಂಗಳ, ತೋಪು, ಹೊಲಗಳ ಉರಿಯ ಸುದ್ದಿಯು ರೈತನಿಗೆ ತಾನಾಗಿ ಬಂದು ತಲಪುವುದಿಲ್ಲ. ಹೋಬಳಿಗೊಂದರಂತಿರುವ ರೈತ ಸಂಪರ್ಕ ಕೇಂದ್ರಗಳಿಗೆ ಈ ಚುಕ್ಕೆಗಳ ವರ್ತಮಾನವು ಒಡನೆಯೇ ಬರುವಂತೆ ಏರ್ಪಡಿಸತಕ್ಕದ್ದು. ಗಾಳಿಯ ದಿಕ್ಕಿಗೆ ನಾವು ಬೇರೆ ರಾಜ್ಯಗಳವರಂತೆ ಪರದಾಡಬೇಕಾದ್ದಿಲ್ಲ. ೧೯೮೮ರಲ್ಲಿ ಬರಗಾಲದ ನಿಗಾಕ್ಕಾಗಿ ಹುಟ್ಟಿ, ಈಗ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿಗಳಲ್ಲಿ ನೆಟ್ಟಿರುವ ಹವಾಮಾನ ಯಂತ್ರಗಳು ಮಳೆ, ಉಷ್ಣತೆಗಳೊಡನೆ ಗಾಳಿಯ ವೇಗವನ್ನೂ ದಿಕ್ಕನ್ನೂ ಬರೆದುಕೊಳ್ಳುತ್ತವೆ. ಮಳೆಯ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ಗಾಳಿಯ ಲೆಕ್ಕವನ್ನು ಕೇಳಿದವರು ಕಡಮೆ. ಮೇಲಿನ ಚಿತ್ರಕ್ಕೆ ಕೆಳಗಿನ ಈ ಗಾಳಿಯ ಲೆಕ್ಕವನ್ನು ಜೋಡಿಸಿದರೆ, ‘ಇಂದು ಮಧ್ಯಾಹ್ನ ಗಾಳಿ ಬಲವಾಗಿದೆ, ಬದುವಿಗೆ ಬೆಂಕಿ ಹಚ್ಚಬೇಡಿರಿ’ ಎಂದೂ, ‘ನಿಮ್ಮ ಊರಿನ ಮೂಡಣಕ್ಕೆ ಉರಿ ಕಂಡಿದೆ, ಮೆದೆಗಳನ್ನು ನೋಡಿಕೊಳ್ಳಿರಿ’ ಎಂದೂ ಹಳ್ಳಿಗೆ ಹೇಳಿ ಕಳುಹಿಸಬಹುದು. ತನ್ನ ಮೆದೆಯನ್ನು ಉಳಿಸಿದ ಚುಕ್ಕೆಯನ್ನು ರೈತನು ನಂಬುವನು, ಕೇಳಿದಾಗ ನಿಜವನ್ನೂ ಹೇಳುವನು. ದಂಡದ ಚೀಟಿ ತಂದ ಚುಕ್ಕೆಗೆ ಆ ನಂಬಿಕೆಯು ದೊರೆಯಲಾರದು.

ಹೀಗೆಂದ ಮಾತ್ರಕ್ಕೆ ಸುಡುವುದು ಒಳ್ಳೆಯದೆಂದು ನಾವು ಹೇಳುವೆವೆಂದು ಯಾರೂ ಭಾವಿಸಲಾಗದು. ಸೊಪ್ಪುಸದೆಯನ್ನು ಸುಟ್ಟರೆ ಅದರ ಸಾರಜನಕವು ಬಹುಮಟ್ಟಿಗೆ ಗಾಳಿಯ ಪಾಲಾಗುತ್ತದೆ. ಬೂದಿಯಲ್ಲಿ ಉಳಿಯತಕ್ಕದ್ದು ಪೊಟ್ಯಾಷು, ಸುಣ್ಣ ಮುಂತಾದವು ಮಾತ್ರ. ಕಸ, ತರಗು, ಸಗಣಿ, ಊರಿನ ಹೊಲಸುಗಳನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮಣ್ಣು ಮೆತ್ತಿ ಗೊಬ್ಬರಮಾಡುವ ವಿಧಾನವನ್ನು ಡಾಕ್ಟರ್ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಮಂದಿರದಲ್ಲಿ ರೂಪಿಸಿದರು. ಅದು ‘ಬೆಂಗಳೂರು ಪದ್ಧತಿ’ ಎಂಬ ಹೆಸರಿನಿಂದಲೇ ಪರದೇಶಗಳಲ್ಲಿಯೂ ಪ್ರಸಿದ್ಧವಾಗಿದೆ. ಅಂತಹ ಊರಿನಲ್ಲಿ ದಂಡಿನ ಬೀದಿಗಳ ತರಗು ಇನ್ನೂ ಮೂಲೆಯಲ್ಲಿ ಉರಿಯುತ್ತಿರುವುದು ವಿಚಿತ್ರವೇ. ಹೊಸಕೋಟೆ, ಮಾಲೂರುಗಳಿಂದ ತರಕಾರಿ ಹೊತ್ತು ಬರುವ ಗಾಡಿಗಳು ಬರಿದಾಗಿ ಹಿಂದಿರುಗುತ್ತವೆ. ಅವುಗಳಲ್ಲಿ ತರಗಿನ ಮೂಟೆಗಳನ್ನು ಕಳುಹಿಸುವ ಏರ್ಪಾಡನ್ನು ನಗರಪಾಲಿಕೆಯವರು ಮಾಡಿದರೆ, ಗೊಬ್ಬರದ ಗುಂಡಿಗೂ ಹೊದಿಕೆಗೂ ಅದನ್ನು ಬೇಡವೆನ್ನುವ ತೋಟಗಾರನಿಲ್ಲ. ಬಾಡಿಗೆಯನ್ನು ಯಾರು ಕೊಡಬೇಕೆಂಬುದೊಂದೇ ಅಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ, ಮತ್ತು ಹೊಗೆಯಿಂದ ತಪ್ಪಿಸಿಕೊಳ್ಳುವವರೇ ಕೊಡುವುದು ನ್ಯಾಯವೆಂದು ನಮಗೆ ತೋರುತ್ತದೆ.

ಮೊದಲನೆಯ ಪ್ರಯತ್ನಕ್ಕೆ ಬೆಂಗಳೂರು ಪೂರ್ವ ತಾಲ್ಲೂಕಿನ ಕೃಷ್ಣರಾಜಪುರ, ಬಿದರಹಳ್ಳಿ, ವರ್ತೂರು ಎಂಬ ಮೂರು ಹೋಬಳಿಗಳು ಸಾಕು. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ದಪ್ತರವನ್ನಿಟ್ಟು, ಚುಕ್ಕೆ ಕಂಡ ದಿನ ಮತ್ತು ಹೊತ್ತು, ಆಗಿನ ಗಾಳಿಯ ದಿಕ್ಕು, ಸ್ಥಳಕ್ಕೆ ಹೋಗಿ ನೋಡಿದಾಗ ಉರಿದದ್ದು ಹೊಲವೋ ಕೆರೆಯಂಗಳವೋ ಕಸವೋ ಎಂಬುದನ್ನು ಬರೆಯಬೇಕು. ಚುಕ್ಕೆಯಿಲ್ಲದೆ ಕಂಡ ಉರಿಗಳಿಗೆ ಬೇರೊಂದು ಕಲಮು ಇರಬೇಕು. ಅದು ಬೇಗನೆ ತುಂಬುವುದೆಂದು ನಮ್ಮ ಊಹೆ. ರೈತನ ಹೆಸರನ್ನು ಬರೆಯುವ ಕಲಮು ಬೇಡ. ಮೂರು ತಿಂಗಳ ಈ ದಪ್ತರವನ್ನು ಕಾಡುಬೀಸನಹಳ್ಳಿಯ ಗಾಳಿಯ ಅಳತೆಗಳ ಪಕ್ಕದಲ್ಲಿಟ್ಟು ಓದಿದ ಮೇಲೆ, ಹಲಸೂರಿನವರ ಪ್ರಶ್ನೆಗೆ ಉತ್ತರವನ್ನು ಹುಡುಕಲು ತೊಡಗಬಹುದು.